ಕಲ್ಲು ಟಗರುಗಳ ಗುಡ್ಡ

"ಏನ್ರೋ ನೋಡ್ತಾ ನಿಂತಿದೀರ, ಓಡಿಬಂದ ನಾಯಿಗಳಾ! ಆ ಟಗರನ್ನ ಕಿತ್ತು ಗಾಡಿಗೆ ಹಾಕ್ರೋ!"

ಖಾನನ ಕಾರಭಾರಿ ನಜಫ್‌ಕುಲಿ ಕುದುರೆಯಿಂದ ಇಳಿಯದೆಯೇ ಕಿರುಚಿದ. ಟಗರು ಕಲ್ಲಿನದು. ನನ್ನ ಮಾವನ ಗೋರಿಯ ಮೇಲೆ ನಿಂತದ್ದು. ನಮ್ಮ ಐರುಮರ ಕುಲದಲ್ಲಿ ಗಟ್ಟಿಗನೊಬ್ಬ ಸತ್ತರೆ ಅವನ ಮೇಲೆ ಟಗರು ನಿಲ್ಲಿಸುತ್ತೇವೆ. ಖಾನ ತನ್ನ ಊರು ಆವಾಜಿಕ್‌ನಲ್ಲಿ ಮೀಯಲು ಹೊಸ ಹಮಾಮು ಕಟ್ಟಿಸುತ್ತಿದ್ದ. ಅದರ ಬುನಾದಿಗೆ ನಮ್ಮ ಗುಡ್ಡದ ಗೋರಿಗಲ್ಲುಗಳೇ ಬೇಕಂತೆ. ಗಾಡಿ ನಮ್ಮದು, ಎತ್ತು ನಮ್ಮವು, ಬಿಟ್ಟಿ ಚಾಕರಿಯೂ ನಮ್ಮದೇ.

ನನ್ನ ಗಂಡ ಮುರ್ಸಲ್ ಹಾರೆ ಹಿಡಿದು ನಿಂತೇ ಇದ್ದ. "ಧಣಿ, ನಮ್ಮಪ್ಪನ ಗೋರಿ ಇದು..."

ಚಾವಟಿ ಅವನ ಕೆನ್ನೆ ಸೀಳಿತು.

"ಯಾವೂರ ಅಪ್ಪನೋ ನಿಂಗೆ? ರಷ್ಯದೋರಿಗೆ ಹೆದರಿ ಅರಾಸ್ ಹೊಳೆ ದಾಟಿ ಬಂದ ಜಾತಿ ನಿಮ್ದು. ಪಡುವಣ ದೇಶದ ರೂಮಿಗಳ ಬೀಜ ಅಂತಾರೆ ಕೆಲವ್ರು, ಎರೆವಾನಿನ ಕಸ ಅಂತಾರೆ ಕೆಲವ್ರು. ಮೂಲ ಗೊತ್ತಿಲ್ದ ಬೋಳಿಮಕ್ಳಿಗೆ ಗೋರಿ ಬೇರೆ ಕೇಡು!"

ನನ್ನ ಅತ್ತೆ ತೆಲ್ಲಿ ಗಂಡಸರನ್ನು ತಳ್ಳಿಕೊಂಡು ಬಂದಳು. ಬಂದವಳೇ ಟಗರಿನ ಬೆನ್ನೇರಿ ಕೂತಳು.

"ಅರಾಸ್ ದಾಟ್ದಾಗ ನಾನು ಎಮ್ಮೆ ಬಾಲ ಹಿಡ್ಕಂಡಿದ್ದೆ ಕಣಲೇ. ನಮ್ಮವ್ವ ಹೊಳೇಲಿ ಕೊಚ್ಕೊಂಡ್ ಹೋದ್ಲು. ಹೆದರಿ ಬಂದ್ವಾ? ಗಡಿ ಕಾಯೋಕೆ ಜನ ಇಲ್ಲ, ಬನ್ನಿ, ನೆಲ ಕೊಡ್ತೀವಿ ಅಂತ ನಿಮ್ಮ ಯುವರಾಜನೇ ಕರೆ ಕಳ್ಸಿದ್ದ. ಲೂಟಿ ಮಾಡೋರ ಮುಂದೆ ನನ್ನ ಗಂಡ ಎದೆ ಕೊಟ್ಟು ನಿಂತಾಗ ನಿನ್ನ ಖಾನ ಎಲ್ಲಿದ್ದ? ಹೆಂಗಸ್ರ ಹಾಸಿಗೆ ಹಿಂದೆ!"

ಹೆಂಗಸರು ಗೊಳ್ಳೆಂದು ನಕ್ಕರು.

"ರೂಮಿಗಳೋ, ಎರೆವಾನಿನೋರೋ, ನಂಗೊತ್ತಿಲ್ಲ. ಈ ಮಣ್ಣೊಳಗೆ ಇರೋ ಮೂಳೆ ನಮ್ದು. ಅದು ಗೊತ್ತು."

ಕಾರಭಾರಿ ಸನ್ನೆ ಮಾಡಿದ. ಅವನ ಆಳೊಬ್ಬ ಅತ್ತೆಯ ತಲೆವಸ್ತ್ರಕ್ಕೇ ಕೈ ಹಾಕಿ ಎಳೆದ. ನಾವು ಮನೆಯವರೂ ಸರಿಯಾಗಿ ನೋಡಿರದ ಅವಳ ಬಿಳಿಕೂದಲು ಅಷ್ಟು ಗಂಡಸರ ಮುಂದೆ ಬಿಚ್ಚಿಕೊಂಡಿತು. ಅವಳು ಮಣ್ಣಿಗೆ ಬಿದ್ದಳು.

ಮುರ್ಸಲ್ ಹಾರೆ ಬಿಸುಟ. ಸೊಂಟದ ಚೂರಿ ತೆಗೆದು ಗಾಡಿಯ ಕಡೆ ನಡೆದು ನೊಗದ ಹಗ್ಗಗಳನ್ನು ಕತ್ತರಿಸಿದ. ಎತ್ತುಗಳು ಆರಾಮವಾಗಿ ಹುಲ್ಲಿನ ಕಡೆ ಇಳಿದುಹೋದವು.

"ಈಗ ನೀನೇ ಹೊರು, ಧಣಿ," ಅಂದ. ಚೂರಿ ಇನ್ನೂ ಕೈಯಲ್ಲೇ ಇತ್ತು. ಅವನ ಹಿಂದೆ ಊರಿನ ಗಂಡಸರೆಲ್ಲ ಬಂದು ನಿಂತರು.

ನಜಫ್‌ಕುಲಿ ಕುದುರೆ ತಿರುಗಿಸಿದ. "ನಾಳೆ ಸವಾರರನ್ನ ಕರ್ಕೊಂಡು ಬರ್ತೀನಿ. ಒಂದು ಗೋರೀನೂ ಬಿಡಲ್ಲ, ಎಲ್ಲಾ ಅಗೆಸ್ತೀನಿ!"

ಮರುದಿನ ಹೊತ್ತು ಹುಟ್ಟುವ ಮೊದಲೇ ಊರಿಗೆ ಊರೇ ಗುಡ್ಡ ಹತ್ತಿತು. ಅವರವರು ಅವರವರ ಸತ್ತವರ ಮೇಲೆ ಕೂತರು. ಅತ್ತೆ ಮಾವನ ಮೇಲೆ, ಮುರ್ಸಲ್ ತನ್ನ ಅಣ್ಣನ ಮೇಲೆ. ನಾನು ದೂರದ ಊರಿನಿಂದ ಬಂದ ಸೊಸೆ. ನನ್ನ ತವರಿನವರ ಗೋರಿ ಅಲ್ಲಿರಲಿಲ್ಲ. ಅಂಚಿನಲ್ಲಿ ಒಂದಿಷ್ಟು ಖಾಲಿ ಜಾಗವಿತ್ತು, ಅಲ್ಲಿ ಕೂತೆ.

ಸವಾರರು ಬಂದರು. ಗುದ್ದಲಿಗಳೂ ಬಂದವು. ಸವಾರರ ನಾಯಕ ಒಬ್ಬೊಬ್ಬರನ್ನೇ ಕೇಳುತ್ತ ಬಂದ, "ಇದ್ಯಾರದು?"

"ನಮ್ಮಪ್ಪಂದು."

"ನನ್ನ ಮಗಳದು."

"ನನ್ನ ಗಂಡಂದು. ನಿಮ್ಮ ಗಡಿ ಕಾಯ್ದೋನು," ಅಂದಳು ಅತ್ತೆ.

ಕೊನೆಗೆ ನನ್ನ ಮುಂದೆ ಕುದುರೆ ನಿಲ್ಲಿಸಿದ. ಸುತ್ತ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲಿ ಕಲ್ಲಿಲ್ಲ, ಗುರುತಿಲ್ಲ. ಇದ್ಯಾರ ಗೋರಿಯೇ?"

"ನಂದು," ಅಂದೆ. "ಅಗಿ."