ಹಾಲುಗಾಳಿನ ವಾರ

ಕಿಟಕಿ ಸರಳು ಈಗಲೇ ಬಿಸಿ, ಇನ್ನೂ ಒಂಬತ್ತೂ ಆಗಿಲ್ಲ, ಮೂರನೇ ದಿನದ ಬಿಸಿಗಾಳಿ ಇದು, ಥರ್ಮಾಮೀಟರ್ ನೋಡೋದೇ ಬೇಡ ಅಂದ್ಕೊಂಡೇ ನೋಡಿದೆ, ಮೂವತ್ನಾಲ್ಕು, ಬರೆದೂಬಿಟ್ಟೆ, ಒಂಬತ್ತು ವರ್ಷದ ಚಟ ಎಲ್ಲಿ ಹೋಗುತ್ತೆ — ಅಣ್ಣ ನನಗೆ ಇಟ್ಟ ಹೆಸರೇ ಅದು, ಥರ್ಮಾಮೀಟರ್ ಬಂದ್ಲು, ಕುರ್ಚಿ ಹಾಕ್ರೋ ಅಂತಿದ್ದ, ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಗೋಳು, ನಾನೂ ನಗ್ತಿದ್ದೆ, ಆಗ ಮಾತಿತ್ತು. ಈಗ ಈ ಮನೇಲಿ ಬಾಯಿಬಿಡೋದು ಫ್ರಿಜ್ಜೊಂದೇ, ಗರ್ ಅಂತ ಶುರು ಮಾಡಿ ತಾನೇ ಬೇಜಾರಾಗಿ ಸುಮ್ಮನಾಗುತ್ತೆ. ಅಣ್ಣ ಮಾತು ಬಿಟ್ಟು ನಾಲ್ಕು ತಿಂಗಳಾಯ್ತು. ಬಿತ್ತನೆಗೆ ಮುಂಚೆ ಹೊಸ ಬೀಜದ ಚೀಲ ಹೊತ್ಕೊಂಡು ಅವನ ಮನೆಗೆ ಹೋಗಿದ್ದೆ, ಅಣ್ಣಾ, ಈ ಸಲ ಹದಿನೈದು ದಿನ ಮುಂಚೆ ಬಿತ್ತೋಣ, ಬೇಗ ಬಲಿಯೋ ಗೋಧಿ ಇದು, ಬಿಸಿಗಾಳಿ ಬರೋಷ್ಟರಲ್ಲಿ ಕಾಳು ಗಟ್ಟಿಯಾಗಿರುತ್ತೆ, ಒಳಗಿನ್ನೂ ಹಾಲಿರೋ ಹಾಲುಗಾಳಲ್ಲಿ ಸಿಕ್ಕಿಬಿದ್ರೆ ಮುಗೀತು. ಅಪ್ಪ ಬಿತ್ತಿದ ವಾರವೇ ನಾನು ಬಿತ್ತೋದು ಅಂದ. ಅಲ್ಲಿಗೆ ಸುಮ್ಮನಿರಬೇಕಿತ್ತು, ನಾಲಿಗೆಗೆ ಎಲುಬಿಲ್ಲ ನೋಡಿ, ಅಪ್ಪ ಈಗ ಇದ್ದಿದ್ರೆ ನಿನ್ನ ಮಾತಲ್ಲ, ನನ್ನ ಮಾತು ಕೇಳ್ತಿದ್ರು ಅಂದುಬಿಟ್ಟೆ, ಆಳುಗಳ ಮುಂದೆ, ಅವನು ಚೀಲ ಎತ್ತಿ ಹೊಸ್ತಿಲಾಚೆ ಇಟ್ಟ, ಮೆಲ್ಲಗೆ, ಎಸೆದಿದ್ರೇ ವಾಸಿಯಿತ್ತು. ಆಮೇಲಿಂದ ಬದುವಿನ ಮೇಲೆ ಎದುರಾದ್ರೆ ಅವನು ಆಕಾಶ ನೋಡ್ತಾನೆ, ನಾನು ಚಪ್ಪಲಿ ನೋಡ್ಕೋತೀನಿ. ಅವನೂ ತಪ್ಪೇನಲ್ಲ, ಎರಡು ವರ್ಷದ ಹಿಂದೆ ಇದೇ ಬುದ್ಧಿವಂತಿಕೆಗೆ ಬೇಗ ಬಿತ್ತಿದ್ದೆ, ಚಳಿ ಇಳಿಯೋ ಮುಂಚೆಯೇ ಹೂ ಬಂತು, ಹೂ ಬಿಟ್ಟ ರಾತ್ರಿಯೇ ಇಬ್ಬನಿ ಹೆಪ್ಪುಗಟ್ಟಿ ಅರ್ಧ ಹೊಲ ಹೋಯ್ತು, ಆ ವರ್ಷ ಅಣ್ಣನೇ ತಿನ್ನೋಕೆ ಗೋಧಿ ಹೊತ್ತು ತಂದು ಅಡುಗೆಮನೇಲಿ ಇಳಿಸಿ ಹೋದ, ಹೇಳಿರಲಿಲ್ವಾ ಅಂತ ಒಂದು ಮಾತೂ ಆಡದೆ.

ಹೊಲದಲ್ಲಿ ಗಾಳಿ ಒಲೆ ಬಾಯಿ ತೆರೆದ ಹಾಗೆ, ಕಾಳಿನ ಭಾರಕ್ಕೆ ತೆನೆ ಎಲ್ಲ ತಲೆ ಬಾಗಿಸಿವೆ, ಒಂದು ಕಾಳು ಕಚ್ಚಿದೆ, ಕಟಕ್, ಗಟ್ಟಿ, ಗೆದ್ದೆ, ಗೆದ್ದೆ ಅಂತ ಯಾರಿಗೆ ಹೇಳ್ಲಿ, ಬದುವಿಗೆ ಹೇಳ್ಲಾ — ಬದುವಿನಾಚೆ ಅಣ್ಣ ನಿಂತಿದ್ದಾನೆ, ಅವನ ತೆನೆಗಳಷ್ಟೇ ನೆಟ್ಟಗೆ, ಕಾಲು ತಾನಾಗೇ ದಾಟಿಬಿಡ್ತು. ಅವನ ಕೈಯಲ್ಲಿ ಒಂದು ತೆನೆ, ಕಾಳು ಬಿಡಿಸಿ ಹೆಬ್ಬೆರಳ ಉಗುರಲ್ಲಿ ಒತ್ತುತ್ತಾನೆ, ಈ ವಾರ ಒತ್ತಿದ್ರೆ ಹಾಲು ಚಿಮ್ಮಬೇಕು, ಬರೀ ಸಿಪ್ಪೆ, ಇನ್ನೊಂದು, ಬರೀ ಸಿಪ್ಪೆ. ನಾಲ್ಕು ತಿಂಗಳಿಂದ ಸಾಣೆ ಹಿಡಿದಿಟ್ಟ ಮಾತು ನನ್ನ ಬಾಯಲ್ಲೇ ಒಣಗಿತು. ನಿಂದು ಹೇಗಿದೆ ಪುಟ್ಟಿ ಅಂದ, ಪುಟ್ಟಿ ಅಂದ, ನಂದೂ ಅಷ್ಟೇ ಅಣ್ಣ, ಹೋಯ್ತು ಅಂದೆ, ಯಾಕಂದೆನೋ, ಮಧ್ಯೆ ಇರೋದು ಒಂದು ಬದು, ಕಣ್ಣಿದ್ದೋರಿಗೆ ಕಾಣುತ್ತೆ. ಅವನು ನನ್ನ ಹೆಗಲ ಮೇಲಿಂದ ಬಾಗಿದ ತೆನೆಗಳನ್ನ ತುಂಬಾ ಹೊತ್ತು ನೋಡಿದ, ಚಿಕ್ಕಂದಿನಿಂದ್ಲೂ ನಿಂಗೆ ಸುಳ್ಳು ಹೇಳೋಕೆ ಬರಲ್ಲ ಅಂದ, ನಗಲಿಲ್ಲ, ಬೀಜಕ್ಕೆ ಎತ್ತಿಡುವಾಗ ನನ್ನ ಹೊಲಕ್ಕೂ ಸೇರಿಸಿ ಎತ್ತಿಡು. ಆಯ್ತಣ್ಣ ಅಂದೆ. ಇದನ್ನೇ ಅಲ್ವಾ ನಾನು ಕಾಯ್ತಿದ್ದಿದ್ದು, ಮಾತು ಬಂತಲ್ಲ, ಖುಷಿಯಾಗ್ಬೇಕಲ್ಲ — ಮುಂದಿನ ವರ್ಷ ಹೂ ಬಿಟ್ಟ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ರೆ, ಎರಡೂ ಹೊಲ ಒಟ್ಟಿಗೆ ಹೋದ್ರೆ, ಯಾರು ಯಾರ ಮನೆಗೆ ಹೊತ್ತು ತರೋದು, ಅವನು ನನ್ನ ಮಾತು ಕೇಳಿ ಬಿತ್ತಿರ್ತಾನೆ, ಕೇಳೋ ಅಣ್ಣ ಕೇಳು ಅಂತ ಬಡ್ಕೊಂಡೋಳು ನಾನೇ — ಹಿಂದಿರುಗಿ ಬದುವಿನ ಮೇಲೆ ನಿಂತು ತಿರುಗಿ ನೋಡ್ತೀನಿ, ಅವನು ಹೋಗಿಲ್ಲ, ಇನ್ನೊಂದು ತೆನೆ ಕಿತ್ತಿದ್ದಾನೆ, ಎಲ್ಲ ಗೊತ್ತಾದ ಮೇಲೂ, ಕಾಳು ಬಿಡಿಸ್ತಾನೆ, ಉಗುರು ಒತ್ತುತ್ತಾನೆ, ನೋಡ್ತಾನೆ, ಇನ್ನೊಂದು ಕಾಳು, ಉಗುರು, ನೋಡ್ತಾನೆ, ಉಗುರು — ಒಣ ಉಗುರು —