ಗೋಡೆಯ ಮೇಲೆ ಜಾಗ ಸಾಲದ ಮಾತು

ಊರಿಗೆ ಹೊಸ ಕೆಮ್ಮುಜ್ವರ ಬಂದು ಮೂರು ವಾರ ಕಳೆದಿತ್ತು. ಬಾಗಿಲಿಗೆ ಬಂದವರನ್ನು ಒಳಗೆ ಕರೆಯಲೂ ಜನ ಅನುಮಾನಿಸುತ್ತಿದ್ದರು. ಬೋರ್ಡ್ ಬರೆಯುವ ಬಣ್ಣದಣ್ಣನಿಗೆ ಮಾತ್ರ ಕೈತುಂಬ ಕೆಲಸ. ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ ಅವನು ಪಕ್ಷದ ನಾಯಕರ ಭಾಷಣದ ಮಾತನ್ನು ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಬರೆದಿದ್ದ: “ಇದು ಯುದ್ಧ! ರೋಗ ಹೊತ್ತು ತರುವವನೇ ಶತ್ರು!”

ಪಕ್ಷದ ಕಚೇರಿಯವರು ಅವನಿಗೆ ಕೊಟ್ಟ ಚೀಟಿಯಲ್ಲಿ ಇನ್ನೂ ಎರಡು ಸಾಲುಗಳಿದ್ದವು. ‘ಶತ್ರು’ವೇ ಅರ್ಧ ಗೋಡೆ ನುಂಗಿದ್ದರಿಂದ ಜಾಗ ಸಾಲಲಿಲ್ಲ. ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ. ಯಾರೂ ಕೇಳಲಿಲ್ಲ.

ಗೋಡೆ ಬರೆದ ನಾಲ್ಕನೇ ದಿನ ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸ್ ಅವನ ಮನೆಗೆ ಬಂದಳು. ಬೀದಿಯವರೆಲ್ಲ ಅವಳನ್ನು ಸೂಜಿಯಮ್ಮ ಎಂದೇ ಕರೆಯುವುದು.

“ಏನಪ್ಪಾ ಬಣ್ಣದಣ್ಣ, ಮನೇಲೆಲ್ಲಾ ಆರಾಮಾ?”

“ಆರಾಮೇ. ನಮ್ಮನೇಲಿ ಅಂಥದ್ದೇನಿಲ್ಲ.”

“ನಿಮ್ಮಕ್ಕ ಮೂರು ದಿನದಿಂದ ಬೇಕರಿ ಕೆಲಸಕ್ಕೆ ಹೋಗಿಲ್ಲವಂತೆ?”

“ತಲೆನೋವಂತೆ. ಒಳಗೆ ಮಲಗಿದಾಳೆ. ಅದಿರ್ಲಿ, ಭಾಷಣ ಕೇಳಿದ್ರಾ? ಮೈಯೆಲ್ಲ ಜುಮ್ ಅಂತು!”

“ನನಗೂ ಅಂತು. ಮಾರನೇ ದಿನ ಹೋಗಿ ನೋಡಿದ್ರೆ ನಮ್ಮ ಕೇಂದ್ರದ ಬೆಂಚೆಲ್ಲ ಖಾಲಿ. ಹಿಂದಿನ ದಿನ ನಲವತ್ತು ಜನ ಕೂತಿದ್ರು.”

“ಅಂದ್ರೆ ಕಾಯಿಲೆ ಹೆದರಿ ಓಡಿಹೋಯ್ತು ಅನ್ನಿ!”

“ಕಾಯಿಲೆ ಎಲ್ಲಿ ಓಡುತ್ತಪ್ಪಾ? ಕಾಯಿಲೆಯವರು ಅಡಗಿಕೊಂಡ್ರು. ಶತ್ರು ಅಂತ ಕೂಗಿದ್ರೆ ಯಾರು ಎದುರಿಗೆ ಬಂದು ನಿಲ್ತಾರೆ?”

“ಅದು ನಮ್ಮಂಥೋರಿಗೆ ಹೇಳಿದ್ದಲ್ಲ ಬಿಡಿ. ಬೇರೆಯವರಿಗೆ.”

ಸೂಜಿಯಮ್ಮ ಮುಚ್ಚಿದ ಕೋಣೆಯ ಕಡೆ ನೋಡುತ್ತ ನಿಂತಳು. ಆಗ ಬಣ್ಣದಣ್ಣನಿಗೂ ಕೇಳಿಸಿತು. ಬಾಯಿಗೆ ಬಟ್ಟೆ ಒತ್ತಿ, ಬರುವ ಕೆಮ್ಮನ್ನು ಯಾರೋ ನುಂಗುತ್ತಿದ್ದರು. ಮೂರು ದಿನದಿಂದ ಕೋಣೆ ಸದ್ದಿಲ್ಲದೆ ಇದ್ದುದನ್ನು ಅವನು ನಿದ್ದೆ ಅಂದುಕೊಂಡಿದ್ದ. ಕೊನೆಗೆ ಕೆಮ್ಮು ಕೈಮೀರಿ ಹೊರಬಂತು.

“ಅಕ್ಕಾ, ಬಾಗಿಲು ತೆಗಿಯೇ!”

ಒಳಗಿನಿಂದ ದನಿ ತಡವರಿಸುತ್ತ ಬಂತು. “ಮೂರು ದಿನದ ಹಿಂದೇನೇ ಮೈ ಬಿಸಿ ಇತ್ತು ಕಣೋ. ಆಸ್ಪತ್ರೆಗೇ ಹೊರಟಿದ್ದೆ. ಬಸ್ಸಿಂದ ಇಳಿದ್ರೆ ಎದುರಿಗೆ ನಿನ್ನ ಗೋಡೆ... ನನ್ನ ಹೆಸರನ್ನೇ ಅಷ್ಟು ದೊಡ್ಡದಾಗಿ ಬರೆದುಬಿಟ್ಟೆಯಲ್ಲೋ.”

ಅವನು ಮೆಲ್ಲಗೆ ಬಾಗಿಲು ತಟ್ಟಿದ.

ಚಿಲಕ ತೆಗೆದ ಸದ್ದಾಯಿತು. ಸೂಜಿಯಮ್ಮ ಮಾಸ್ಕ್ ಬಿಗಿದುಕೊಂಡು ಒಳಗೆ ಹೋದಳು. ಅಕ್ಕನ ಬೆರಳಿಗೆ ರಕ್ತದಲ್ಲಿನ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ಸಿಕ್ಕಿಸಿ ನೋಡಿ, ಕೂಡಲೇ ಆಂಬುಲೆನ್ಸ್ ಗಾಡಿಗೆ ಫೋನ್ ಮಾಡಿದಳು.

“ಇನ್ನೆರಡು ದಿನ ಬಿಟ್ಟಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ,” ಎಂದಳು ಹೊರಬಂದು.

“ಹಾಗಾದ್ರೆ ನಾಯಕರು ಹೇಳಿದ್ದು ಸುಳ್ಳಾ, ಸೂಜಿಯಮ್ಮ?”

“ಎಲ್ಲಾ ಸುಳ್ಳು ಅನ್ನಲ್ಲ. ಎದೆ ತುಂಬೋ ಮಾತೂ ಬೇಕಪ್ಪಾ. ಅದನ್ನ ಕೇಳಿಯೇ ಎಷ್ಟೋ ಜನ ನಮಗೆ ಹೊದಿಕೆ ತಂದುಕೊಟ್ರು. ಆದ್ರೆ ಕಾಯಿಲೆ ಮೇಲಿರಬೇಕಾದ ಸಿಟ್ಟು ಕಾಯಿಲೆಯವರ ಮೇಲೆ ತಿರುಗಿದ್ರೆ? ಮೈ ಜುಮ್ ಅಂದದ್ದು ಇಳಿದ ಮೇಲೆ ಒಂದು ಕೇಳ್ಕೋ: ನಾಳೆ ಬೆಳಿಗ್ಗೆ ನಾನೇನು ಮಾಡಬೇಕು? ಅದಕ್ಕೆ ಉತ್ತರ ಸಿಗಲಿಲ್ಲ ಅಂದ್ರೆ ಆ ಮಾತು ಬರೀ ಬಣ್ಣ.”

“ಬಣ್ಣದವನ ಮುಂದೇನೇ ಬಣ್ಣ ಬೈತೀರಲ್ಲಾ,” ಎಂದು ನಗಲು ಹೋದ. ನಗು ಬರಲಿಲ್ಲ. ಜೇಬಿಗೆ ಕೈ ಹಾಕಿದರೆ ಆ ಚೀಟಿ ಸಿಕ್ಕಿತು.

ಮರುದಿನ ಬೆಳಿಗ್ಗೆ ಅವನು ಗೋಡೆಗೆ ಸುಣ್ಣ ಬಳಿದ. ‘ಯುದ್ಧ’ ಬೇಗ ಮುಚ್ಚಿಹೋಯಿತು. ‘ಶತ್ರು’ವಿನ ಕೆಂಪು ಮಾತ್ರ ಸುಣ್ಣದಡಿಯಿಂದ ಮತ್ತೆ ಮತ್ತೆ ಇಣುಕಿತು. ಮೂರು ಸಲ ಬಳಿಯಬೇಕಾಯಿತು. ಅದು ಒಣಗಿದ ಮೇಲೆ ಬಿಟ್ಟ ಸಾಲುಗಳನ್ನು ಬರೆದ: “ಜ್ವರ, ಕೆಮ್ಮು ಬಂದರೆ ಮೊದಲ ದಿನವೇ ಆರೋಗ್ಯ ಕೇಂದ್ರಕ್ಕೆ ಬನ್ನಿ. ಬೆಳಿಗ್ಗೆ ಎಂಟರಿಂದ. ಪರೀಕ್ಷೆ ಉಚಿತ.”

ಪಕ್ಷದ ಕಚೇರಿಯವನೊಬ್ಬ ಬಂದು, “ನಾಯಕರ ಮಾತೆಲ್ಲಿ ಹೋಯ್ತಯ್ಯಾ?” ಎಂದು ದಬಾಯಿಸಿದ.

ಬಣ್ಣದಣ್ಣ ಚೀಟಿ ಬಿಚ್ಚಿ ತೋರಿಸಿದ. “ಇದೂ ನೀವು ಕೊಟ್ಟ ಚೀಟೀಲೇ ಇತ್ತು ಸ್ವಾಮಿ. ಜಾಗ ಸಾಲದು ಅಂತ ನಾನೇ ಬಿಟ್ಟಿದ್ದೆ.”

ಆಸ್ಪತ್ರೆ ಸೇರಿದ ಹತ್ತನೇ ದಿನ ಅಕ್ಕ ಗುಣವಾಗಿ ಬಸ್ಸಿನಿಂದ ಇಳಿದಳು. ತಮ್ಮನ ತೋಳು ಹಿಡಿದು ಗೋಡೆಯನ್ನು ನಿಧಾನವಾಗಿ ಓದಿದಳು.

“ಈ ಸಲ ಅಕ್ಷರ ಸಣ್ಣದಾಯ್ತಲ್ಲೋ?”

“ಹತ್ತಿರ ಬಂದು ಓದ್ಲಿ ಅಂತ ಕಣೇ,” ಎಂದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಭಾಷಣ ಕೇಳಿ ನಿಮ್ಮ ಎದೆಯೂ ಉಬ್ಬೀತು, ಕಣ್ಣೂ ತುಂಬೀತು. ತುಂಬಲಿ. ಅದಾದ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತು ಕೇಳಿಕೊಳ್ಳಿ: ಈ ಮಾತು ನನ್ನನ್ನು ಆಸ್ಪತ್ರೆಯ ಬಾಗಿಲಿಗೆ ಕಳಿಸುತ್ತದೆಯೋ, ಇಲ್ಲ ನೆರೆಮನೆಯವರ ಮೇಲೆ ಎತ್ತಿಕಟ್ಟುತ್ತದೆಯೋ? ನಿಮ್ಮ ಮನೆಯಲ್ಲೂ ಯಾರಾದರೂ ಬಾಗಿಲು ಹಾಕಿಕೊಂಡು ಸುಮ್ಮನಿದ್ದರೆ, ಇವತ್ತೇ ಹೋಗಿ ತಟ್ಟಿ. ಬೈಯಬೇಡಿ. ಜೊತೆಯಲ್ಲಿ ಆರೋಗ್ಯ ಕೇಂದ್ರಕ್ಕೆ ನಡೆಯಿರಿ.