ಬಿಡು ಅಂದಮೇಲೆ

"ಅಯ್ಯಪ್ಪಾ, ಏನೇ ಇಷ್ಟು ತಣ್ಣಗಿದೆ! ಸ್ವಲ್ಪ ಬಿಸಿ ಮಾಡಿ ಹಾಕೋಕೇನು ರೋಗ ನಿನಗೆ?"

ಅಂಟಂಟು ಜೆಲ್ಲು ಹೊಟ್ಟೆಯ ಮೇಲೆ ಬಿದ್ದದ್ದೇ ತಡ, ಅಕ್ಕ ಶುರು ಹಚ್ಚಿಕೊಂಡಳು. ತಂಗಿಗೆ ನಗು ಬಂತು. ಆಸ್ಪತ್ರೆಯ ಈ ಸ್ಕ್ಯಾನಿಂಗ್ ಕೋಣೆಯಲ್ಲಿ ಎಂಥೆಂಥವರನ್ನೋ ಗದರಿಸಿ ಮಲಗಿಸುವವಳು ಅಕ್ಕನೆದುರು ಮಾತ್ರ ಇಂದಿಗೂ ಬಾಲ ಬಿಚ್ಚಿದವಳಲ್ಲ. ಅಮ್ಮ ಹೋದಮೇಲೆ ತಲೆ ಬಾಚಿ, ಬೈದು, ಹೊಲಿಗೆ ಮಿಷನ್ ತುಳಿದು ಓದಿಸಿದ್ದು ಇದೇ ಅಕ್ಕ.

"ಊರವರಿಗೆಲ್ಲ ಅಳತೆ ನೋಡಿ ಹೊಲೀತೀನಿ, ನನ್ನ ಸೊಂಟದ ಅಳತೆಯೇ ಕೈಗೆ ಸಿಕ್ತಿಲ್ಲ ನೋಡು. ಹೊಲಿಗೆ ಬಿಚ್ಚಿ ಬಿಚ್ಚಿ ಸಾಕಾಯ್ತು. ಪಕ್ಕದ ಮನೆಯವಳು 'ಏನ್ರೀ, ವಿಶೇಷನಾ?' ಅಂತಾಳೆ. ಮುಟ್ಟು ನಿಂತು ಎಷ್ಟು ಕಾಲ ಆಯ್ತು ನಂಗೆ!"

"ನಗಬೇಡ ಕಣೇ ಅಕ್ಕಾ. ನೀನು ನಕ್ರೆ ಚಿತ್ರವೆಲ್ಲ ಕುಣಿಯುತ್ತೆ."

ಎಡಗಡೆಯ ಅಂಡಾಶಯದಲ್ಲಿ ಗಡ್ಡೆ ಕಂಡಾಗಲೂ ತಂಗಿಯೇನೂ ಗಾಬರಿಯಾಗಲಿಲ್ಲ. ಇಂಥವು ದಿನಾ ಬರುತ್ತವೆ. ಗೋಡೆ ತೆಳ್ಳಗೆ, ನುಣ್ಣಗಿದ್ದು ಒಳಗೆ ಬರೀ ನೀರಿದ್ದರೆ ಪರದೆಯ ಮೇಲೆ ಅಚ್ಚ ಕಪ್ಪಾಗಿ ಕಾಣುತ್ತದೆ. ಹಾಗಿದ್ದರೆ ಬಹುಪಾಲು ಹೆದರಬೇಕಾಗಿಲ್ಲ. ಕಪ್ಪಗಿರಲಪ್ಪಾ ದೇವರೇ, ಎಂದುಕೊಳ್ಳುತ್ತಲೇ ಹೊಟ್ಟೆಯ ಮೇಲೆ ಆಡಿಸುತ್ತಿದ್ದ ಪ್ರೋಬನ್ನು ಓರೆ ಮಾಡಿದಳು.

ಕಪ್ಪೇನೋ ಇತ್ತು. ಅದರ ಗೋಡೆಗೆ ಕಚ್ಚಿಕೊಂಡು ಹೂಕೋಸಿನಂಥ ಬೂದು ಗಂಟುಗಳೂ ಇದ್ದವು. ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದಳು. ಗಂಟುಗಳ ಒಳಗೆಲ್ಲ ಕೆಂಪು, ನೀಲಿ ಮಿಣುಕತೊಡಗಿತು. ರಕ್ತ ಓಡಾಡುತ್ತಿತ್ತು, ಅದು ಅಕ್ಕನ ರಕ್ತವನ್ನೇ ಉಂಡು ಬೆಳೆಯುತ್ತಿತ್ತು. ಕ್ಯಾನ್ಸರ್ ಎಂದು ಖಾತ್ರಿಯಾಗಲು ಆಪರೇಷನ್ ಆಗಬೇಕು, ನಿಜ. ಅನುಮಾನಕ್ಕೆ ಇಷ್ಟೇ ಸಾಕಾಗಿತ್ತು.

"ಏನೇ, ಬಾಯಿಗೆ ಬೀಗ ಬಿತ್ತಾ?"

"ಅಳತೆ ತಗೋತಿದ್ದೀನಕ್ಕ."

"ಸರಿಯಾಗಿ ತಗೋ. ಆಮೇಲೆ ಬಿಚ್ಚಿ ಹೊಲಿಯೋ ಹಾಗಾಗಬಾರ್ದು." ಅಕ್ಕ ತನ್ನ ಮಾತಿಗೆ ತಾನೇ ನಕ್ಕು, ಆಮೇಲೆ ನಗು ನಿಲ್ಲಿಸಿದಳು. "ಏನಿದೆಯೇ ಅಲ್ಲಿ?"

"ಡಾಕ್ಟರ್ ನೋಡಿ ಹೇಳ್ತಾರೆ."

ಬಂದವರಿಗೆಲ್ಲ ಹೇಳುವ ಮಾತು, ರೂಢಿಯ ಮೇಲೆ ಬಂದುಬಿಟ್ಟಿತು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ನೆಗಡಿಯಾದರೂ ಸರಿ, 'ನಮ್ಮ ತಂಗಿ ಹೇಳಿದ್ಳು' ಎಂದು ಬೀದಿಗೆಲ್ಲ ಸಾರುವವಳು ಅಕ್ಕ. ಆ ಅಕ್ಕ ಈಗ ತಂಗಿಯ ಮುಖವನ್ನೇ ನೋಡುತ್ತಿದ್ದಳು.

ಇನ್ನು ಲಿವರಿನ ಸುತ್ತ ನೀರು ಸೇರಿದೆಯೇ ನೋಡಬೇಕು. ಸೇರಿದ್ದರೆ ಅನುಮಾನ ಇನ್ನೂ ಗಟ್ಟಿ.

"ಉಸಿರು ಎಳ್ಕೊಂಡು ಹಿಡ್ಕೋ ಅಕ್ಕ. ನಾನು ಬಿಡು ಅಂದಮೇಲೆ ಬಿಡು."

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದವಳು ಕೆನ್ನೆ ಉಬ್ಬಿಸಿ ಉಸಿರು ಹಿಡಿದಳು. ಪರದೆಯಲ್ಲಿ ಲಿವರು ಕೆಳಗಿಳಿದು ಬಂತು. ಅದರ ಅಂಚಿಗೇ ತೆಳ್ಳನೆಯದೊಂದು ಕಪ್ಪು ಪಟ್ಟಿ. ಇಲ್ಲಿ ಕಪ್ಪು ಇರಬಾರದಿತ್ತು. ಪ್ರೋಬನ್ನು ಸರಿಸಿದಳು, ಒತ್ತಿದಳು, ಇನ್ನೊಂದು ಕಡೆಯಿಂದ ನೋಡಿದಳು. ಎಲ್ಲಿಂದ ನೋಡಿದರೂ ಇತ್ತು. ಇಷ್ಟು ವರ್ಷ ಕಲಿತ ವಿದ್ಯೆಯೆಲ್ಲ ಬರೀ ನೋಡುವುದಕ್ಕೇ ಆಯಿತಲ್ಲ, ಒಂದು ಗಂಟನ್ನಾದರೂ ಕಿತ್ತು ಹಾಕುವುದಕ್ಕೆ ಆಗಲಿಲ್ಲವಲ್ಲ ಎಂದುಕೊಂಡಳು.

ಮೊಣಕೈಗೆ ಏನೋ ತಾಗಿತು. ತಿರುಗಿದಳು.

ಅಕ್ಕ ಬೆರಳಿನಿಂದ ತಟ್ಟುತ್ತಿದ್ದಳು. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಕೆನ್ನೆ ಇನ್ನೂ ಉಬ್ಬಿಯೇ ಇತ್ತು. ಬಿಡಲೇ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದಳು.